ರೇಣು ದೊಡ್ಡವಳಾದ ವರ್ಷ

ಕಳೆದ ತಿಂಗಳು ಬೆಟಗೇರಿಯ ಒಂದು ಹಳೆಯ ಹಾಲಿಗೆ ಪರದೆ ಹೊಲಿಯುವ ಕೆಲಸ ಬಂದಿತ್ತು. ಕಿಟಕಿಗಳ ಅಳತೆ ತೆಗೆದುಕೊಳ್ಳಲು ಟೇಪು ಹಿಡಿದು ಹೋದೆ. ಈಗ ಅಲ್ಲಿ ಪೊಲೀಸ್ ಪರೀಕ್ಷೆಗೆ ಓದುವ ಹುಡುಗರ ಕ್ಲಾಸು ನಡೆಯುತ್ತದೆ. ಬೆಂಚುಗಳು ಬಂದಿವೆ, ಗೋಡೆಗೆ ಹೊಸ ಬಣ್ಣ ಬಂದಿದೆ. ಆದರೆ ಮೂಲೆಯಲ್ಲಿ ಸುತ್ತಿ ನಿಲ್ಲಿಸಿದ್ದ ಜಮಖಾನೆಗಳು ಮಾತ್ರ ಅವೇ ಹಳೆಯವು. ಶ್ರಾವಣದ ತಂಪು ಹೀರಿಕೊಂಡ ಜಮಖಾನೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಸ್ಟೂಲಿನ ಮೇಲೆ ನಿಂತಿದ್ದ ನನಗೆ ಕಿಟಕಿಯ ಅಗಲ ಮರೆತೇಹೋಯಿತು. ಗಿರಿಜಾ ತವರಿನಲ್ಲಿ ಮಲಗಿದ್ದ, ನಾನೂ ರೇಣುವೂ ಇಬ್ಬರೇ ಮನೆ ನಡೆಸಿದ ಆ ಮಳೆಗಾಲ ಕಣ್ಣ ಮುಂದೆ ಬಂತು.

ಗಿರಿಜಾ ನನ್ನ ಹೆಂಡತಿ. ರೇಣು ನಮ್ಮ ಮಗಳು, ಒಬ್ಬಳೇ. ಇದನ್ನು ಬರೆಯಲೇ ಎಂದು ಕೇಳಿದಾಗ ಗಿರಿಜಾ, "ಬರೀರಿ, ಆದ್ರ ಅಕಿ ಹೆಸರು ಬ್ಯಾರೆ ಇಡ್ರಿ" ಎಂದಳು. ಹಾಗಾಗಿ ಇಲ್ಲಿ ಅವಳು ರೇಣು.

ಆ ವರ್ಷ ಮೃಗಶಿರಾ ಮಳೆ ಹೆಸರಿಗೆ ನಾಲ್ಕು ಹನಿ ಉದುರಿಸಿ ಹೋಗಿತ್ತು. ಬಹಳ ದಿನಗಳ ಮೇಲೆ ನಮ್ಮ ಓಣಿಗೆ ನಳದ ನೀರು ಬಂದ ಬೆಳಿಗ್ಗೆ, ತುಂಬಿದ ಕೊಡ ಸೊಂಟಕ್ಕಿಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದ ಗಿರಿಜಾ ಜಾರಿ ಬಿದ್ದಳು. ತೊಡೆಯ ಎಲುಬು ಮುರಿದಿತ್ತು. ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿ ರಾಡು ಹಾಕಿದರು. ದೀಪಾವಳಿಯ ಹೊತ್ತಿನವರೆಗೂ ಕಾಲಿನ ಮೇಲೆ ಭಾರ ಹಾಕುವಂತಿಲ್ಲ ಎಂದರು. ನಮ್ಮ ಮನೆಯ ಬಚ್ಚಲು, ಪಾಯಖಾನೆ ಎಲ್ಲ ಹಿತ್ತಲಲ್ಲಿ, ಮೆಟ್ಟಿಲು ಇಳಿದೇ ಹೋಗಬೇಕು. ಆದ್ದರಿಂದ ಆಸ್ಪತ್ರೆಯಿಂದ ಅವಳನ್ನು ನೇರ ಲಕ್ಷ್ಮೇಶ್ವರದ ತವರಿಗೆ ಕರೆದುಕೊಂಡು ಹೋದರು. ಅಲ್ಲಿ ನನ್ನ ಅತ್ತೆ ಇದ್ದರು, ಗಿರಿಜಾಳ ಅಣ್ಣ ಮಲ್ಲಪ್ಪ ಇದ್ದ. ರೇಣುವನ್ನೂ ಇಟ್ಟುಕೊಳ್ಳುತ್ತೇವೆ ಎಂದು ಕರೆದೊಯ್ದವರು ಮರುದಿನವೇ ತಂದು ಬಿಟ್ಟರು. ಬೇರೆಯವರ ಮನೆಯಲ್ಲಿ ಅವಳು ಉಣ್ಣುವುದಿಲ್ಲ, ಮಲಗುವುದಿಲ್ಲ. ಕಾಲಿಗೆ ಚಪ್ಪಲಿ ಹಾಕಿಕೊಂಡು ಬಾಗಿಲ ಬಳಿ ನಿಂತೇ ಇರುತ್ತಾಳೆ.

ಆಗ ಅವಳಿಗೆ ಹನ್ನೆರಡು ಮುಗಿದಿತ್ತು. ಹುಟ್ಟಿದಾಗಿನಿಂದ ಅವಳ ಬೆಳವಣಿಗೆ ನಿಧಾನ. ನಡೆದದ್ದು ತಡ, ಮಾತು ಇನ್ನೂ ತಡ. ಬಂದ ಮಾತುಗಳೂ ಕೆಲವೇ: ಅಪ್ಪಾ, ಅವ್ವಾ, ಬ್ಯಾಡ, ಬಸ್ಸು, ಭಜಿ. ಬೆಳಿಗ್ಗೆ ಹತ್ತಿರದ ಸರಕಾರಿ ಶಾಲೆಗೆ ಹೋಗಿ ಮಧ್ಯಾಹ್ನದ ಊಟ ಮುಗಿಸಿ ಬರುತ್ತಿದ್ದಳು. ನಾನು ಟೇಲರ್, ಮನೆಯ ಮುಂದಿನ ಕೋಣೆಯೇ ಅಂಗಡಿ. ಶಾಲೆಯಿಂದ ಬಂದವಳು ನನ್ನ ಮಷಿನ್ ಪಕ್ಕ ಕೂತು ಗುಂಡಿಗಳನ್ನು ಬಣ್ಣ ಬಣ್ಣಕ್ಕೆ ಬೇರೆ ಮಾಡುತ್ತಿದ್ದಳು. ದಿನಕ್ಕೆ ನನಗೆ ಸಿಗುತ್ತಿದ್ದ ರೇಣು ಅಷ್ಟೇ. ಹಲ್ಲುಜ್ಜಿಸುವುದು, ನೀರೆರೆಯುವುದು, ಉಡಿಸುವುದು, ತಲೆ ಬಾಚುವುದು ಎಲ್ಲ ಗಿರಿಜಾಳ ಕೈಯಲ್ಲೇ ನಡೆದು ಬಂದಿತ್ತು.

ಮೊದಲ ವಾರ ತಲೆ ಬಾಚಲು ಹೋದರೆ ಓಣಿಗೆಲ್ಲ ಕೇಳುವಂತೆ ಕಿರುಚಿದಳು. ಎದುರು ಮನೆಯ ನೀಲವ್ವ ಮಗ್ಗ ನಿಲ್ಲಿಸಿ ಎದ್ದು ಬಂದು ಬಾಚಣಿಗೆ ಕಸಿದುಕೊಂಡಳು. ದಿನಾ ಸ್ನಾನ ಮಾಡಿಸುವ ಕೆಲಸವನ್ನೂ ಅವಳೇ ವಹಿಸಿಕೊಂಡಳು. ಒಂದು ದಿನ ಸ್ನಾನ ಮುಗಿಸಿ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅಂಗಡಿಯ ಹೊಸ್ತಿಲಲ್ಲಿ ಕೂತಳು.

"ಬಸಣ್ಣ, ಹುಡುಗಿ ಮೈ ತುಂಬೇತಿ. ಇವತ್ತ ನಾಳೆ ದೊಡ್ಡಾಕಿ ಅಕ್ಕಾಳ. ಗಿರಿಜಾ ಇಲ್ಲ. ಏನ ಮಾಡಾಂವ ನೀ?"

ಕೈಯಲ್ಲಿದ್ದ ಅಂಗಿಯ ಕಾಲರನ್ನೇ ತಿರುವಿ ತಿರುವಿ ನೋಡುತ್ತ ಕೂತೆ.

ರೇಣುವಿನ ಶಾಲೆಯ ಟೀಚರು ಬೆಟಗೇರಿಯ ಆ ಹಾಲಿನ ವಿಷಯ ಹೇಳಿದ್ದು ಅದೇ ದಿನಗಳಲ್ಲಿ. ಪ್ರತಿ ಶನಿವಾರ ಮಧ್ಯಾಹ್ನ ಇಂಥ ಮಕ್ಕಳ ಮನೆಯವರಿಗೆ ತರಬೇತಿ ಇರುತ್ತದೆ, ಧಾರವಾಡದಿಂದ ವಿಮಲಾ ಎಂಬ ಮೇಡಂ ಬರುತ್ತಾರೆ, ಮಗಳನ್ನೂ ಕರೆದುಕೊಂಡು ಹೋಗಿ ಎಂದರು. ಹೋದೆ. ಜಮಖಾನೆಯ ಮೇಲೆ ಹೆಂಗಸರೇ ಹೆಂಗಸರು. ಗದಗಿನವರು, ಶಿರಹಟ್ಟಿಯವರು, ಅಂತೂರ ಬೆಂತೂರದಿಂದ ಬಂದ ಒಬ್ಬ ಅಜ್ಜಿ. ಮಕ್ಕಳು ಸುತ್ತ ಓಡಾಡುತ್ತಿದ್ದವು. ನಾನು ಬಾಗಿಲ ಹತ್ತಿರ ಒಂದು ಕುರ್ಚಿ ಹಾಕಿಕೊಂಡು, ಬೇಕಾದಾಗ ಎದ್ದು ಹೋಗುವವನ ಹಾಗೆ ಕೂತೆ.

ವಿಮಲಾ ಮೇಡಂ ಎತ್ತರದ ದನಿಯ, ಕೂದಲು ಅರ್ಧ ಬೆಳ್ಳಗಾದ ಹೆಂಗಸು. ಭಾಷಣ ಮಾಡುತ್ತಿರಲಿಲ್ಲ. ಯಾರದಾದರೂ ಮಗುವನ್ನು ಕರೆದು, ನಮ್ಮ ಎದುರಿಗೇ ಕಲಿಸುತ್ತಿದ್ದರು. ಅವತ್ತು ಕರೆದದ್ದು ರೇಣುವನ್ನು. ಅವಳ ಫ್ರಾಕಿನ ಮೇಲೆ ಒಂದು ಸ್ವೆಟರ್ ತೊಡಿಸಿದರು. ತೋಳು ಹಾಕಿ, ಜಿಪ್ಪಿನ ಚೈನು ಜೋಡಿಸಿ, ಎದೆಯ ತನಕ ಎಳೆದು, ಕೊನೆಯ ಒಂದು ಗೇಣು ಬಿಟ್ಟರು. "ಇದಷ್ಟ ನೀ ಮಾಡು" ಎಂದು ಅವಳ ಬೆರಳನ್ನು ಚೈನಿನ ಮೇಲಿಟ್ಟರು. ರೇಣು ಎಳೆದಳು. ಚೈನು ಮೇಲೆ ಹೋಗಿ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ರೇಣು ತಾನೂ ತಟ್ಟಿಕೊಂಡಳು.

"ನಾವು ಮೊದಲಿಂದ ಕಲಸ್ತೀವಿ, ಅವು ನಡುವ ಬ್ಯಾಸತ್ತು ಬಿಡ್ತಾವ" ಎಂದರು ಮೇಡಂ. "ಕೊನೀದು ಅವರಿಗೆ ಬಿಡ್ರಿ. ಮುಗಿಸಿದ ಖುಷಿ ಅವರಿಗೇ ಸಿಗಲಿ. ಆಮ್ಯಾಲೆ ಹಿಂದಿಂದ ಒಂದೊಂದ ಬಿಡ್ತಾ ಬರ್ರಿ."

ಮನೆಗೆ ಬಂದು ಅದನ್ನೇ ಮಾಡಿದೆ. ಬಟ್ಟೆ ತೊಡುವುದು, ತಟ್ಟೆ ತೊಳೆಯುವುದು, ಹಾಸಿಗೆ ಮಡಿಸುವುದು. ಕೆಲವು ಬಂದವು, ಕೆಲವು ಬರಲಿಲ್ಲ. ನೀಲವ್ವನಿಗೂ ಹೇಳಿಕೊಟ್ಟೆ. ಅವಳು ಬೈದುಕೊಂಡೇ ರೇಣುವಿನ ಕೈಗೆ ತಂಬಿಗೆ ಕೊಟ್ಟಳು. ಆಷಾಢದ ಗಾಳಿ ಮುಗಿಯುವಷ್ಟರಲ್ಲಿ ರೇಣು ತಾನೇ ನೀರು ಹಾಕಿಕೊಳ್ಳುತ್ತಿದ್ದಳು, ನೀಲವ್ವ ಬಚ್ಚಲ ಹೊರಗೆ ಕೂತು, "ಬೆನ್ನಿಗೆ ಹಾಕ್ಕೋ, ಬೆನ್ನಿಗೆ!" ಎಂದು ಒದರುತ್ತಿದ್ದಳು.

ಶ್ರಾವಣದ ಒಂದು ಶನಿವಾರ ಜಿಟಿಜಿಟಿ ಮಳೆ ಹಿಡಿದಿತ್ತು. ಹಾಲಿನೊಳಗೆ ಹೋಗುತ್ತಲೇ ಮೇಡಂ ಅವತ್ತಿನ ವಿಷಯ ಹೇಳಿದರು: ಹೆಣ್ಣುಮಕ್ಕಳು ದೊಡ್ಡವರಾದಾಗ ತಿಂಗಳ ದಿನಗಳನ್ನು ಅವರಿಗೆ ಹೇಗೆ ಕಲಿಸುವುದು. ಹೆಂಗಸರೆಲ್ಲ ಸೆರಗು ಬಾಯಿಗೆ ತಂದುಕೊಂಡು ನನ್ನ ಕಡೆ ನೋಡಿದರು. ಅಂತೂರ ಬೆಂತೂರದ ಅಜ್ಜಿ ಮೆಲ್ಲಗೆ, "ಯಪ್ಪಾ, ನೀ ಹೊರಗ ಹೋಗಿ ಚಾ ಕುಡದ ಬಾರಪಾ" ಎಂದಳು. ನಾನು ಆಗಲೇ ಎದ್ದಿದ್ದೆ.

"ಕುಂಡ್ರಿ" ಎಂದರು ಮೇಡಂ. "ನಾಳೆ ನಿಮ್ಮ ಮನ್ಯಾಗ ಆತಂದ್ರ ಅಕಿ ಹತ್ರ ಯಾರದಾರ?"

"ಎದುರು ಮನಿ ನೀಲವ್ವ ಅದಾಳ್ರಿ."

"ಅಕಿ ಎಲ್ಲ್ಯರ ಹೋಗಿದ್ರ?"

ಆಗ ಮುಂಡರಗಿಯಿಂದ ಬರುತ್ತಿದ್ದ ಮಮತಾಜ್ ಎಂಬ ತಾಯಿ ಜಮಖಾನೆಯ ಮೇಲೆ ಸರಿದು ಕೂತು ಜಾಗ ಮಾಡಿದಳು. ಅವರದು ಗಾದಿಗೆ ಹತ್ತಿ ತುಂಬುವ ಕೆಲಸದ ಮನೆ. ಅವಳ ಮಗಳು ಶಬಾನಾ ರೇಣುವಿಗಿಂತ ದೊಡ್ಡವಳು, ರೇಣುವಿನ ಹಾಗೇ ಇರುವವಳು. "ಇಲ್ಲೆ ಕುಂಡ್ರಿ ಅಣ್ಣಾರ. ನಮ್ಮನಿಯವ್ರು ಒಂದ ದಿನಾನೂ ಬರಲಿಲ್ಲ. ನೀವರ ಕೇಳ್ರಿ" ಎಂದಳು. ಕುರ್ಚಿ ಬಿಟ್ಟು ಜಮಖಾನೆಯ ಮೇಲೆ ಕೂತೆ. ಅವತ್ತು ಬಹಳ ಹೊತ್ತು ಆ ಜಮಖಾನೆಯ ಪಟ್ಟೆಗಳನ್ನೇ ನೋಡಿದ್ದು. ಆಮೇಲೆ ತಲೆ ಎತ್ತಿದೆ, ಯಾಕೆಂದರೆ ಮೇಡಂ ಹೇಳುತ್ತಿದ್ದುದು ಹೊಲಿಗೆಯ ಮಾತಾಗಿತ್ತು.

ಬರುವವರೆಗೆ ಕಾಯಬೇಡಿ, ಬರುವ ಮುಂಚೆಯೇ ರೂಢಿ ಮಾಡಿಸಿ ಎಂದರು. ಬಟ್ಟೆಯ ಪ್ಯಾಡು ಹೊಲಿಯಿರಿ, ಅದನ್ನು ದಿನಾ ಸ್ವಲ್ಪ ಹೊತ್ತು ಹಾಕಿಕೊಳ್ಳಲಿ, ತೆಗೆಯಲಿ. ಕುಂಕುಮದ ನೀರು ಹನಿಸಿ ಕೆಂಪು ತೋರಿಸಿ, ಅಂಜಬಾರದು ಎನ್ನಿ. ಒಂದೊಂದು ಹೆಜ್ಜೆಗೂ ಒಂದು ಚಿತ್ರ ಬರೆದು ಬಚ್ಚಲ ಗೋಡೆಗೆ ಅಂಟಿಸಿ. ಎಲ್ಲಕ್ಕಿಂತ ಮುಖ್ಯ, ಇದು ಬಾಗಿಲು ಹಾಕಿಕೊಂಡು ಮಾಡುವ ಕೆಲಸ, ಎಲ್ಲರ ಮುಂದೆ ಅಲ್ಲ ಎಂಬುದನ್ನು ಕಲಿಸಿ. ಮಮತಾಜ್ ತನ್ನದನ್ನು ಹೇಳಿದಳು. ಶಬಾನಾ ಮೊದಲ ಸಲ ಪ್ಯಾಡು ಕೈಯಲ್ಲಿ ಹಿಡಿದುಕೊಂಡು ರಸ್ತೆಗೇ ಬಂದುಬಿಟ್ಟಿದ್ದಳಂತೆ. "ನಾನೂ ಅತ್ತೆ, ಅಕಿನೂ ಅತ್ಲು. ಒಂದ ವರ್ಷ ಹಿಡೀತು ನೋಡ್ರಿ. ಈಗ ನಂಗ ಗೊತ್ತೂ ಆಗಂಗಿಲ್ಲ" ಎಂದು ನಕ್ಕಳು. ಶಬಾನಾ ತಾಯಿಯ ಪಕ್ಕ ಕೂತು ಚಕ್ಕುಲಿ ತಿನ್ನುತ್ತಿದ್ದಳು.

ನಾನು ಹೊಲಿಯಲು ಶುರು ಮಾಡಿದೆ. ಒಳಚಡ್ಡಿಗೆ ಒತ್ತುಗುಂಡಿ ಹಚ್ಚಿದೆ. ಪ್ಯಾಡಿನ ಮೇಲ್ಭಾಗ ಯಾವುದು ಎಂದು ಅವಳಿಗೆ ತಿಳಿಯಲೆಂದು ಒಂದು ಬದಿಗೆ ಹಳದಿ ಅಂಚು ಕೊಟ್ಟೆ. ಒಳಗೆ ಹತ್ತಿ ತುಂಬಿದ್ದೆ. ಮುಂದಿನ ಶನಿವಾರ ಮಮತಾಜ್ ಹಿಚುಕಿ ನೋಡಿ, "ತೊಳದ್ರ ಹತ್ತಿ ಮುದ್ದಿ ಕಟ್ಟತೈತ್ರಿ, ಅರಬಿ ಪದರ ಹಾಕ್ರಿ" ಎಂದಳು. ಬಟ್ಟೆಯ ಪದರ ಹಾಕಿದೆ. ಆದರೆ ರೇಣು ಒಂದನ್ನೂ ಮೈಗೆ ತಾಕಿಸಿಕೊಳ್ಳಲಿಲ್ಲ. ನೀಲವ್ವ ಬಚ್ಚಲಿಗೆ ಕರೆದೊಯ್ದರೆ "ಬ್ಯಾಡ!" ಎಂದು ಎಸೆಯುತ್ತಿದ್ದಳು. ಪಾಪ್ಲಿನ್ ಬೇಡ, ಬನಿಯನ್ ಬಟ್ಟೆಯೂ ಬೇಡ. ಹೀಗೇ ಎಷ್ಟೋ ದಿನ ಹೋದವು. ಒಂದು ಮಧ್ಯಾಹ್ನ ಅವಳು ಟ್ರಂಕಿನಿಂದ ಗಿರಿಜಾಳ ಹಳೆಯದೊಂದು ನೂಲಿನ ಸೀರೆ ಎಳೆದು ತಂದು ಮುಖಕ್ಕೊತ್ತಿಕೊಂಡು ಮಲಗಿದ್ದಳು. ಅದರ ಒಂದು ಅಂಚು ಕತ್ತರಿಸಿ ಪ್ಯಾಡು ಹೊಲಿದೆ. ನೀಲವ್ವ ಬಚ್ಚಲಿನಿಂದ ಹೊರಬಂದು ನನ್ನ ಕಡೆ ಹುಬ್ಬು ಏರಿಸಿದಳು. ರೇಣು ಹಾಕಿಕೊಂಡಿದ್ದಳು.

ಭಾನುವಾರ ಭಾನುವಾರ ರೇಣುವನ್ನು ಕರೆದುಕೊಂಡು ಲಕ್ಷ್ಮೇಶ್ವರಕ್ಕೆ ಹೋಗುತ್ತಿದ್ದೆ. ಹೆಸರುಕಾಯಿ ಬಿಡಿಸುವ ದಿನಗಳು. ಶಿರಹಟ್ಟಿ ದಾಟಿದ ಮೇಲೆ ರಸ್ತೆಯ ಮೇಲೇ ಬಳ್ಳಿ ಹರವಿ ಒಣಗಿಸುತ್ತಿದ್ದರು, ಬಸ್ಸು ಅದರ ಮೇಲೆಯೇ ಹಾಯ್ದು ಹೋಗುತ್ತಿತ್ತು. ಮನೆ ಸೇರಿದರೆ ಗಿರಿಜಾ ಕಾಟಿನ ಮೇಲಿಂದಲೇ ರೇಣುವನ್ನು ತಬ್ಬಿಕೊಂಡು ತಲೆಯಲ್ಲಿ ಹೇನು ನೋಡುತ್ತಿದ್ದಳು, ಉಗುರು ಕತ್ತರಿಸುತ್ತಿದ್ದಳು. ಅಂಥ ಒಂದು ಭಾನುವಾರ ಊಟವಾದ ಮೇಲೆ ಮಲ್ಲಪ್ಪ ಮಾತು ತೆಗೆದ.

"ಬಸಣ್ಣಾರ, ನಂಗ ಪರಿಚಯದ ಡಾಕ್ಟರ್ ಒಬ್ರ ಅದಾರ. ಅಕಿದು ಗರ್ಭಚೀಲ ತಗಿಸಿಬಿಡೂಣು. ತಿಂಗಳಾ ತಿಂಗಳಾ ಕಾಟನೂ ತಪ್ಪತೈತಿ. ಹುಡುಗಿ ನೋಡಾಕ ಚಂದ ಅದಾಳ, ಮಾತಿಲ್ಲ. ನಾಳೆ ಯಾವನರ ಏನರ ಮಾಡಿದ್ರ?"

ಮಲ್ಲಪ್ಪ ಕೆಟ್ಟವನಲ್ಲ. ರೇಣುವಿಗೆ ಬಸ್ಸು ಇಷ್ಟವೆಂದು ಪ್ರತಿ ಸಲವೂ ನಮ್ಮನ್ನು ಸ್ಟ್ಯಾಂಡಿನ ತನಕ ಬಿಡಲು ಬಂದು, ಕಿಟಕಿಯ ಸೀಟು ಹಿಡಿದು ಕೊಡುತ್ತಿದ್ದವನು ಅವನೇ. ನಾನು ಗಿರಿಜಾಳ ಕಡೆ ನೋಡಿದೆ.

"ನಾ ಹೂಂ ಅಂದೀನ್ರಿ" ಎಂದಳು.

"ನನ್ನ ಒಂದ ಮಾತ ಕೇಳಲಿಲ್ಲಲ್ಲ?"

"ಏನ ಕೇಳ್ಲಿ? ನಾ ಬಿದ್ದ ದಿನದಿಂದ ಇದನ್ನ ವಿಚಾರ ಮಾಡಾಕತ್ತೀನಿ. ಇವತ್ತ ಕಾಲ ಮುರದೈತಿ, ನಾಳೆ ನಾನ ಹೋಗಿಬಿಟ್ರ? ಅಕಿ ಮೂವತ್ತು ವರ್ಷದಾಕಿ ಆದಾಗ ಇದನ್ನೆಲ್ಲ ಯಾರ ಮಾಡಾವ್ರು? ನೀವಾ?"

ಅವಳ ಕಣ್ಣಲ್ಲಿ ನೀರಿರಲಿಲ್ಲ. ಅಷ್ಟು ದಿನ ಮಲಗಿ ಮಲಗಿ ಗಟ್ಟಿ ಮಾಡಿಕೊಂಡ ಮಾತು ಅದು. ರೇಣು ತಾಯಿಯ ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತ ಕೂತಿದ್ದಳು.

ಮುಂದಿನ ಶನಿವಾರ ಎಲ್ಲರೂ ಹೋದ ಮೇಲೆ ವಿಮಲಾ ಮೇಡಂಗೆ ಇದನ್ನು ಹೇಳಿದೆ. ಅವರು ಜಮಖಾನೆ ಸುತ್ತುವುದನ್ನು ನಿಲ್ಲಿಸಿ ಅದರ ಮೇಲೆಯೇ ಕೂತರು.

"ಅಕಿಗೆ ಅಲ್ಲೇನರ ರೋಗ ಐತೇನ್ರಿ?"

"ಇಲ್ರಿ."

"ಮತ್ತ ಯಾಕ ಕೊಯ್ಯೂದು? ಗರ್ಭಚೀಲ ತಗದ್ರ ಕೈ ಹಾಕಾಂವ ಬಿಡ್ತಾನೇನು? ಬಸರಾಗಂಗಿಲ್ಲ, ಅಷ್ಟ. ಆದದ್ದು ನಿಮಗ ಗೊತ್ತೂ ಆಗಂಗಿಲ್ಲ." ಎಂದರು ಮೇಡಂ. "ಯಾರ ಮುಟ್ಟಬಹುದು, ಯಾರ ಮುಟ್ಟಬಾರದು, ಯಾವಾಗ ಒದರಬೇಕು, ಅದನ್ನ ಕಲಸೋಣ. ಅದು ಆಗತೈತಿ. ನಿಮ್ಮ ಹೆಂಡ್ತಿ ಅಂಜಿಕಿ ಖರೇನ ಐತಿ, ಅದಕ್ಕ ಸಿಟ್ಟಾಗಬ್ಯಾಡ್ರಿ. ಆದ್ರ ಹೊಟ್ಟಿ ರೇಣುಂದು."

ಮರುದಿನ ಲಕ್ಷ್ಮೇಶ್ವರದಲ್ಲಿ ಗಿರಿಜಾಳ ಕಾಟಿನ ಬಳಿ ಕೂತು ಅದನ್ನೆಲ್ಲ ಹೇಳಿದೆ. ಮೇಡಂ ಹೇಳಿದಷ್ಟು ನೆಟ್ಟಗೆ ಹೇಳಲು ಬರಲಿಲ್ಲ. ಕೊನೆಗೆ, "ನೀ ಬರೂತನಕ ತಡಿ. ಬಂದು ಕಣ್ಣಾರೆ ನೋಡು. ಆಮ್ಯಾಲೆ ನೀ ಹೆಂಗಂತಿ ಹಂಗ" ಎಂದೆ. ಅವಳು ಹೊದಿಕೆಯನ್ನು ಕಾಲಿನ ಮೇಲೆ ಎಳೆದುಕೊಂಡಳು. "ದೀಪಾವಳಿ ಆಗೂತನಕ ನೋಡೂಣು" ಎಂದಳು. ಮಲ್ಲಪ್ಪ ಡಾಕ್ಟರಿಗೆ ಫೋನು ಮಾಡಿ, ಹಬ್ಬ ಕಳೆದ ಮೇಲೆ ಬರುತ್ತೇವೆ ಎಂದು ಹೇಳಿದ.

ದಸರೆಯಲ್ಲಿ ಬನ್ನಿ ಕೊಟ್ಟು ಕೆಲವು ದಿನವಾಗಿತ್ತು. ಲಕ್ಕುಂಡಿಯಿಂದ ತಾಯಿ ಮಗಳು ಮದುವೆಯ ಕುಪ್ಪಸ ಹೊಲಿಸಲು ಬಂದಿದ್ದರು. ಟೇಪು ಕೊರಳಲ್ಲಿತ್ತು. ಒಳಗಿನಿಂದ ರೇಣು ಓಡಿ ಬಂದು ಅಂಗಡಿಯ ನಡುವೆ ನಿಂತು, "ಅಪ್ಪಾ! ಕೆಂಪ!" ಎಂದು ಕೂಗಿದಳು.

ಅವಳ ಬಾಯಿಂದ ಆ ಶಬ್ದ ಬಂದದ್ದು ಅದೇ ಮೊದಲು. ಮದುಮಗಳು ಮುಖ ತಿರುಗಿಸಿದಳು. ಅವಳ ತಾಯಿ ಮಾತ್ರ ನನ್ನ ಕೊರಳಿನ ಟೇಪು ತೆಗೆದುಕೊಂಡು, "ಹೋಗಪಾ, ನಾವು ಕುಂತಿರ್ತೀವಿ. ನಮಗೇನ ಅವಸರಿಲ್ಲ" ಎಂದಳು.

ನೀಲವ್ವ ಅವತ್ತು ಸಂತೆಗೆ ಹೋಗಿದ್ದಳು. ನಾನು ಬಚ್ಚಲ ಬಾಗಿಲ ತನಕ ರೇಣುವಿನ ಜೊತೆ ಹೋಗಿ, ಪ್ಯಾಡು ಕೈಗೆ ಕೊಟ್ಟು, ಬಾಗಿಲು ಮುಚ್ಚಿಸಿ, ಗೋಡೆಗೆ ಬೆನ್ನು ಕೊಟ್ಟು ನಿಂತೆ. ಗೋಡೆಯ ಚಿತ್ರಗಳು ನನಗೆ ಬಾಯಿಪಾಠವಾಗಿದ್ದವು. "ಮೊದಲ ಚಿತ್ರ ನೋಡವಾ. ಚಡ್ಡಿ ಬಿಚ್ಚು. ತೊಳಕೋ. ಹಳದಿ ಮ್ಯಾಲೆ ಬರ್ಲಿ. ಗುಂಡಿ ಒತ್ತು." ಒಳಗೆ ತಂಬಿಗೆ ಬಿದ್ದ ಸದ್ದಾಯಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಬಾಗಿಲಿಗೆ ಕಿವಿ ಹಚ್ಚಿದೆ. ಆಮೇಲೆ ಗುಂಡಿ ಒತ್ತಿದ ಸದ್ದು, ಟಕ್. ಮತ್ತೊಂದು, ಟಕ್. ಬಾಗಿಲು ತೆರೆದು ಬಂದ ರೇಣು ಫ್ರಾಕು ತೋಯಿಸಿಕೊಂಡಿದ್ದಳು, ತನಗೆ ತಾನೇ ಚಪ್ಪಾಳೆ ತಟ್ಟಿಕೊಳ್ಳುತ್ತಿದ್ದಳು.

ಸಂಜೆ ನೀಲವ್ವ ಬಂದು ನೋಡಿ, "ಉಲ್ಟಾ ಹಾಕ್ಕೊಂಡಾಳಲ್ಲೋ, ಹಳದಿ ಕೆಳಗ ಐತಿ" ಎಂದಳು. ಆದರೂ ಆರತಿ ತಟ್ಟೆ ತಂದು ಬೆಳಗಿ ಉಡಿ ತುಂಬಿದಳು. ರೇಣು ಉಡಿಯಲ್ಲಿದ್ದ ಕೊಬ್ಬರಿಯನ್ನು ಅಲ್ಲೇ ಕಡಿದಳು. ವಿಡಿಯೋ ಕರೆ ಮಾಡಿ ಗಿರಿಜಾಗೆ ತೋರಿಸಿದೆ. "ಯಾರ ಹಾಕಿದ್ರು?" ಎಂದು ಕೇಳಿದಳು. "ಅಕಿನ" ಎಂದೆ. ಗಿರಿಜಾ ಫೋನು ಕೆಳಗಿಟ್ಟಿರಬೇಕು, ಬಹಳ ಹೊತ್ತು ಅವರ ಮನೆಯ ಫ್ಯಾನೇ ಕಾಣುತ್ತಿತ್ತು.

ಆ ಸಲದ ಉಳಿದ ದಿನಗಳು ಅಷ್ಟು ಸುಸೂತ್ರವಾಗಿರಲಿಲ್ಲ. ಒಂದು ದಿನ ಅಂಗಳದಲ್ಲೇ ಬಿಚ್ಚಿ ಎಸೆದಳು. ಇನ್ನೊಂದು ದಿನ ಶಾಲೆಗೆ ಹೋಗುವುದಿಲ್ಲವೆಂದು ಬಾಗಿಲ ಚೌಕಟ್ಟು ಹಿಡಿದುಕೊಂಡು ಅತ್ತಳು. ಕೊನೆಯ ದಿನ ತಾನಾಗಿಯೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ದೀಪಾವಳಿಗೆ ಮುಂಚೆ ಗಿರಿಜಾ ವಾಕರ್ ಹಿಡಿದುಕೊಂಡು ಮನೆಗೆ ಬಂದಳು. ಹಿತ್ತಲಿನ ಮೆಟ್ಟಿಲುಗಳ ಮೇಲೆ ನಾನು ಇಳಿಜಾರು ಕಟ್ಟಿಸಿದ್ದೆ. ಬಂದ ಮರುದಿನ ಬೆಳಿಗ್ಗೆ ರೇಣುವಿಗೆ ಫ್ರಾಕು ತೊಡಿಸಲು ಕೈ ಚಾಚಿದಳು. ರೇಣು ಅವ್ವನ ಕೈ ಸರಿಸಿ, ನಾನು ಮುಂದೆ ಹಚ್ಚಿಕೊಟ್ಟಿದ್ದ ಚೈನು ತಾನೇ ಎಳೆದುಕೊಂಡಳು. ಊಟದ ತಟ್ಟೆಯನ್ನೂ ಕಸಿದುಕೊಂಡು ತೊಳೆದಿಟ್ಟಳು. ಎರಡು ದಿನ ಗಿರಿಜಾ ಅಡಿಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಳು. ಕಾಲು ನೋಯುತ್ತಿದೆಯೇನೋ ಎಂದುಕೊಂಡಿದ್ದೆ.

"ನಾ ಇಲ್ಲದ್ರೂ ಎಲ್ಲಾ ನಡೀತಲ್ರಿ" ಎಂದಳು ಒಮ್ಮೆಲೇ.

"ನಿನ್ನ ಸೀರಿ ಅರಬಿ ಇಲ್ಲದ್ದ ಒಂದೂ ಅಕಿ ಹಾಕ್ಕೊಳ್ಳಲಿಲ್ಲ" ಎಂದೆ.

"ಯಾವ ಸೀರಿ ಕತ್ತರಿಸಿದ್ರಿ?"

"ಆ ನೀಲಿ, ಚುಕ್ಕಿ ಅಂಚಿಂದು."

"ಅಯ್ಯ, ನಮ್ಮವ್ವ ಕೊಟ್ಟಿದ್ದು!" ಎಂದು ವಾಕರಿಗೆ ಹಣೆ ಒತ್ತಿ ನಕ್ಕಳು. ನಗುತ್ತಲೇ ಅತ್ತಳು. ಮುಂದಿನ ಶನಿವಾರ ಆಟೋದಲ್ಲಿ ನಮ್ಮ ಜೊತೆ ಹಾಲಿಗೂ ಬಂದಳು. ಮಮತಾಜ್ ಅವಳನ್ನು ಪಕ್ಕಕ್ಕೆ ಕರೆದು ಅದೆಷ್ಟೋ ಹೊತ್ತು ಮಾತಾಡಿದಳು. ಏನೆಂದು ನಾನು ಕೇಳಲಿಲ್ಲ. ಆಪರೇಶನ್ನಿನ ಮಾತನ್ನು ಗಿರಿಜಾ ಎತ್ತಲಿಲ್ಲ, ಬೇಡವೆಂದೂ ಹೇಳಲಿಲ್ಲ.

ರೇಣು ಎರಡನೆಯ ಸಲ ಮುಟ್ಟಾಗುವುದು ತಡವಾಯಿತು. ಮೊದಮೊದಲು ಹಾಗೆಯೇ ಎಂದರು ಮೇಡಂ. ಹಬ್ಬ ಕಳೆಯಿತು. ಮಲ್ಲಪ್ಪ ಎರಡು ಸಲ ಫೋನು ಮಾಡಿ, ಡಾಕ್ಟರು ಕೇಳುತ್ತಿದ್ದಾರೆ ಎಂದ. ಕಾರ್ತೀಕದ ಒಂದು ಬೆಳಿಗ್ಗೆ, ಹಿಂಗಾರಿ ಬಿತ್ತನೆ ಮುಗಿದು ಚಳಿ ಸಣ್ಣಗೆ ಶುರುವಾಗಿದ್ದಾಗ, ನಾನು ಮಷಿನ್ ಮೇಲೆ ಕುಪ್ಪಸದ ತೋಳು ಕೂಡಿಸುತ್ತಿದ್ದೆ. ಅಂಗಡಿಯಿಂದ ನೋಡಿದರೆ ನಡುಮನೆಯಾಚೆ ಹಿತ್ತಲು ನೆಟ್ಟಗೆ ಕಾಣುತ್ತದೆ. ಗಿರಿಜಾ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ರೇಣು ಕಪಾಟಿನಿಂದ ಏನನ್ನೋ ತೆಗೆದುಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಿರಿಜಾ ಏಳಲು ಹೋದವಳು, ವಾಕರಿನ ಮೇಲೆ ಕೈಯಿಟ್ಟು ಹಾಗೆಯೇ ಉಳಿದಳು. ನಾನು ಮಷಿನ್ ನಿಲ್ಲಿಸಿದೆ.

ಬಾಗಿಲು ತೆರೆಯಿತು. ಈ ಸಲ ರೇಣು ಚಪ್ಪಾಳೆ ತಟ್ಟಲಿಲ್ಲ. ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ತಾಯಿಯ ಹತ್ತಿರ ಹೋಗಿ, ಬಗ್ಗಿ, ಅಂಗೈಯನ್ನು ಮರೆ ಮಾಡಿ, ಗಿರಿಜಾಳ ಕಿವಿಗೆ ಬಾಯಿ ಹಚ್ಚಿ ಏನನ್ನೋ ಹೇಳಿದಳು. ಪಿಸುಮಾತು ಎಂಬುದೊಂದು ಇದೆಯೆಂದು ಅವಳಿಗೆ ಗೊತ್ತಿದೆ ಎಂದು ನಮಗೆ ಗೊತ್ತಿರಲಿಲ್ಲ. ಗಿರಿಜಾ ತಲೆಯಾಡಿಸಿದಳು. ಮಡಿಲಲ್ಲಿದ್ದ ಕಾಯಿಗಳಲ್ಲಿ ಅರ್ಧವನ್ನು ರೇಣುವಿನ ಮುಂದಿಟ್ಟಳು. ಇಬ್ಬರೂ ಸುಲಿಯುತ್ತ ಕೂತರು.

ಕಾಯಿ ಸುಲಿದು ಮುಗಿದ ಮೇಲೆ ಗಿರಿಜಾ ಅಣ್ಣನಿಗೆ ಫೋನು ಮಾಡಿದಳು. "ಅಣ್ಣಾ, ಡಾಕ್ಟರಿಗೆ ನಾವು ಬರಂಗಿಲ್ಲಂತ ಹೇಳಿಬಿಡು. ಇಲ್ಲ, ಅವ್ರು ಹೇಳಿಸಿದ್ದಲ್ಲ, ನಾನ ಹೇಳಾಕತ್ತೀನಿ." ಆ ಕಡೆಯಿಂದ ಮಲ್ಲಪ್ಪ ಯಾಕೆ, ಏನಾಯಿತು ಎಂದು ಕೇಳಿರಬೇಕು.

"ಅದನ್ನ ಹೇಳಂಗಿಲ್ಲ" ಎಂದಳು ಗಿರಿಜಾ. "ಅದು ನಮ್ಮಿಬ್ಬರ ಮಾತು."

ಆ ಇಬ್ಬರಲ್ಲಿ ನಾನಿರಲಿಲ್ಲ. ಅರ್ಧಕ್ಕೆ ನಿಂತಿದ್ದ ತೋಳನ್ನು ಸೂಜಿಯ ಕೆಳಗೆ ಸರಿಸಿ, ಮಷಿನ್ ತುಳಿಯತೊಡಗಿದೆ.